ಬಾಗಿಲ ಶಿಲ್ಪ: ಉಳಿಯಿಂದ ಗಣಕಯಂತ್ರದವರೆಗೆ

(8ನೆಯ ತರಗತಿಗೆ ಭಾಷೆ, ಗಣಿತ ಹಾಗೂ ಚಿತ್ರಕಲೆಯ ಸಮನ್ವಿತ ಪಾಠಕ್ಕೆ ಮಾರ್ಗದರ್ಶನ)

ಪೀಠಿಕೆ

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಕಲಿಯುವ ನಮ್ಮ ಮಕ್ಕಳು ಎರಡು ಬಗೆಯ ಶಿಲ್ಪಕಾರ್ಯವನ್ನು ಅಕ್ಕಪಕ್ಕದಲ್ಲಿಯೇ ಕಾಣುತ್ತಾರೆ. ತಿರುಮುರುಗನ್‌ಪೂಂಡಿಯಲ್ಲಿ ಶಿಲ್ಪಿಗಳು ಇಂದಿಗೂ ಕಲ್ಲನ್ನು ಕಂಡರಿಸುತ್ತಾರೆ. ಕೊಯಮತ್ತೂರಿನ ಕಾರ್ಯಾಗಾರಗಳಲ್ಲಿ ಗಣಕಯಂತ್ರದ ಆಜ್ಞೆಯಂತೆ ಚಲಿಸುವ ಕತ್ತರಿಸುವ ಯಂತ್ರಗಳು ಉಕ್ಕಿನ ಹಲಗೆಯಲ್ಲಿ ಹೂಬಳ್ಳಿಗಳನ್ನು ಮೂಡಿಸುತ್ತವೆ. ಅವು ಮನೆಗಳ ಗೇಟುಗಳಾಗುತ್ತವೆ. ಮೊದಲನೆಯದನ್ನು ವರ್ಣಿಸಲು ಕನ್ನಡದಲ್ಲಿ ಶಬ್ದಸಂಪತ್ತು ಹೇರಳವಾಗಿದೆ. ಎರಡನೆಯದರ ಮಾತು ಬಂದೊಡನೆ ಮಗು ಇಂಗ್ಲಿಷಿಗೋ ತಮಿಳಿಗೋ ಹೊರಳುತ್ತದೆ. ಕನ್ನಡವು ಹಳೆಯ ವಸ್ತುಗಳಿಗಷ್ಟೇ ಸಲ್ಲುವ ಭಾಷೆಯೆಂಬ ಭಾವನೆ ಎಳೆಯ ಮನಸ್ಸಿನಲ್ಲಿ ಬೇರೂರಿದರೆ ಅದನ್ನು ಕೀಳುವುದು ಕಷ್ಟ. ಆದುದರಿಂದಲೇ ಈ ಪಾಠ.

ಕಲಿಕೆಯ ಉದ್ದೇಶಗಳು

1. ಗಣಕಯಂತ್ರದ ನೆರವಿನ ಶಿಲ್ಪನಿರ್ಮಾಣದ ಹಂತಗಳನ್ನು ಮಗು ತನ್ನ ಮಾತಿನಲ್ಲಿ ವಿವರಿಸುವುದು.
2. ಉದ್ದ, ಮೇಲ್ಮೈ, ಘನಗಾತ್ರ ಇವು ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲವೆಂದು ಕಂಡುಕೊಳ್ಳುವುದು.
3. ಶಿಲ್ಪಕ್ಕೆ ಸಂಬಂಧಿಸಿದ ಕನ್ನಡ ಪದಗಳನ್ನು ಹೊಸ ಸಂದರ್ಭದಲ್ಲಿ ಬಳಸುವುದು.

ವಿಷಯ ವಿವರಣೆ

ಕಟ್ಟಡದ ಬಾಗಿಲಲ್ಲಿ ಶಿಲ್ಪವನ್ನಿರಿಸುವುದು ನಮ್ಮ ನಾಡಿನ ಹಳೆಯ ಪದ್ಧತಿ. ಬಾಗಿಲವಾಡ, ಲಲಾಟಬಿಂಬ, ಮಕರತೋರಣ, ದ್ವಾರಪಾಲಕ ಎಂಬ ಪದಗಳೇ ಇದಕ್ಕೆ ಸಾಕ್ಷಿ. ಪೇರೂರು ಮತ್ತು ಅವಿನಾಶಿಯ ದೇವಾಲಯಗಳಿಗೆ ಹೋದ ಮಕ್ಕಳು ಇವುಗಳನ್ನು ನೋಡಿರುತ್ತಾರೆ. ಹೆಸರುಗಳನ್ನು ನಾವು ಒದಗಿಸಬೇಕು.

ಇಂದಿನ ಕಾಲದ ಬಾಗಿಲ ಶಿಲ್ಪಕ್ಕೆ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಕೆಂಪೇಗೌಡ ಪ್ರತಿಮೆ ಉತ್ತಮ ನಿದರ್ಶನ. 2022ರ ನವೆಂಬರ್ 11ರಂದು ಅನಾವರಣಗೊಂಡ ಇದರ ಎತ್ತರ 108 ಅಡಿ. ಬಳಸಿದ ಕಂಚು 98 ಟನ್, ಉಕ್ಕು 120 ಟನ್. ಕೈಯಲ್ಲಿರುವ ಖಡ್ಗವೊಂದೇ 4 ಟನ್ ತೂಗುತ್ತದೆ. ಇದರ ಶಿಲ್ಪಿ ರಾಮ್ ವಿ. ಸುತಾರ್. ಗುಜರಾತಿನಲ್ಲಿ 2018ರಲ್ಲಿ ಅನಾವರಣಗೊಂಡ 182 ಮೀಟರ್ ಎತ್ತರದ ಸರ್ದಾರ್ ಪಟೇಲರ ಪ್ರತಿಮೆಯನ್ನು ರೂಪಿಸಿದವರೂ ಅವರೇ. ಪಟೇಲರ ಪ್ರತಿಮೆಗಾಗಿ ಅವರು ಮೊದಲು ಚಿಕ್ಕ ಮಾದರಿಗಳನ್ನು ಸಿದ್ಧಪಡಿಸಿದರು; ಸುಮಾರು 30 ಅಡಿಯ ಮಾದರಿಯನ್ನು ಗಣಕಯಂತ್ರಕ್ಕೆ ಅಳೆದು ಕೊಟ್ಟು ಹಿಗ್ಗಿಸಲಾಯಿತು.

ಇಂತಹ ನಿರ್ಮಾಣದ ಸಾಮಾನ್ಯ ಕ್ರಮ ಹೀಗಿದೆ:

ಅ) ಶಿಲ್ಪಿಯು ಕೈಯಿಂದ ಜೇಡಿಮಣ್ಣಿನ ಮಾದರಿಯನ್ನು ಮಾಡುತ್ತಾನೆ.
ಆ) ಸ್ಕ್ಯಾನರ್ ಎಂಬ ಉಪಕರಣವು ಬೆಳಕಿನ ನೆರವಿನಿಂದ ಮಾದರಿಯ ಮೇಲ್ಮೈಯ ಲಕ್ಷಾಂತರ ಬಿಂದುಗಳ ಸ್ಥಾನವನ್ನು ಅಳೆಯುತ್ತದೆ.
ಇ) ಆ ಬಿಂದುಗಳನ್ನು ಗಣಕಯಂತ್ರವು ಜೋಡಿಸಿ, ಬೇಕಾದ ಪ್ರಮಾಣಕ್ಕೆ ಹಿಗ್ಗಿಸಿ, ಭಾಗಗಳಾಗಿ ವಿಂಗಡಿಸುತ್ತದೆ.
ಈ) ಯಂತ್ರವು ಹಗುರವಾದ ನೊರೆಹಲಗೆಯಲ್ಲಿ ಪ್ರತಿಯೊಂದು ಭಾಗವನ್ನು ಕಡೆಯುತ್ತದೆ.
ಉ) ಅದರಿಂದ ಅಚ್ಚು ತೆಗೆದು ಕಂಚನ್ನು ಎರಕ ಹೊಯ್ಯುತ್ತಾರೆ.
ಊ) ಉಕ್ಕಿನ ಹಂದರದ ಮೇಲೆ ಭಾಗಗಳನ್ನು ಬೆಸೆದು, ಬೆಸುಗೆಯ ಗುರುತುಗಳನ್ನು ಕೈಯಿಂದಲೇ ತಿದ್ದುತ್ತಾರೆ.

ಮೊದಲ ಹಾಗೂ ಕೊನೆಯ ಹಂತಗಳಲ್ಲಿ ಮನುಷ್ಯನ ಕೈಯೇ ಮುಖ್ಯವೆಂಬುದನ್ನು ಮಕ್ಕಳು ಗಮನಿಸುವಂತೆ ಮಾಡಬೇಕು.

ಚಟುವಟಿಕೆ 1: ಮಣ್ಣಿನಿಂದ ರಟ್ಟಿಗೆ

ಪ್ರತಿಯೊಂದು ಗುಂಪೂ 6 ಸೆಂ.ಮೀ. ಎತ್ತರದ ಒಂದು ಮಣ್ಣಿನ ತಲೆಯನ್ನು ಮಾಡಲಿ. ಬಿಗಿಯಾಗಿ ಹಿಡಿದ ದಾರದಿಂದ ಅದನ್ನು ಅಡ್ಡಲಾಗಿ 1 ಸೆಂ.ಮೀ. ದಪ್ಪದ 6 ಬಿಲ್ಲೆಗಳಾಗಿ ಕತ್ತರಿಸಲಿ. ಪ್ರತಿ ಬಿಲ್ಲೆಯ ಅಂಚನ್ನು ಚೌಕಳಿ ಕಾಗದದ ಮೇಲೆ ಗುರುತಿಸಿ, ಎರಡು ಪಟ್ಟು ಹಿಗ್ಗಿಸಿ, ರಟ್ಟಿನಲ್ಲಿ ಕತ್ತರಿಸಿ ಒಂದರ ಮೇಲೊಂದು ಅಂಟಿಸಲಿ. ಅನೇಕ ಗುಂಪುಗಳು ರಟ್ಟಿನ ದಪ್ಪವನ್ನು 1 ಸೆಂ.ಮೀ.ಗೇ ನಿಲ್ಲಿಸುವ ಸಂಭವವಿದೆ. ಆಗ ತಲೆ ಚಪ್ಪಟೆಯಾಗುತ್ತದೆ. ಅದನ್ನು ತಡೆಯಬೇಡಿ, ಕಾರಣವನ್ನು ಕೇಳಿರಿ. ಅಗಲದಂತೆ ದಪ್ಪವೂ ಎರಡು ಪಟ್ಟಾಗಬೇಕೆಂದು ಮಕ್ಕಳೇ ಹೇಳಲಿ. ಅಂಚಿನಲ್ಲಿ ಮೆಟ್ಟಿಲುಗಳು ಕಾಣುವುದೇಕೆ, ಬಿಲ್ಲೆ ತೆಳುವಾದಷ್ಟೂ ಅವು ಮರೆಯಾಗುವುದೇಕೆ ಎಂಬ ಚರ್ಚೆ ಇಲ್ಲಿಂದ ಬೆಳೆಯುತ್ತದೆ.

ಚಟುವಟಿಕೆ 2: ಲೆಕ್ಕ

9 ಅಡಿಯ ಮಾದರಿಯನ್ನು 108 ಅಡಿಗೆ ಹಿಗ್ಗಿಸಬೇಕೆಂದು ಭಾವಿಸೋಣ. ಎತ್ತರ 12 ಪಟ್ಟು, ಮೇಲ್ಮೈ 144 ಪಟ್ಟು, ಘನಗಾತ್ರ 1728 ಪಟ್ಟು ಆಗುತ್ತದೆ. ಪ್ರತಿಮೆ ಒಳಗೆಲ್ಲ ಗಟ್ಟಿಯಾಗಿದ್ದರೆ ಲೋಹವೂ 1728 ಪಟ್ಟು ಬೇಕಾಗುತ್ತದೆ. ದೊಡ್ಡ ಪ್ರತಿಮೆಗಳು ಟೊಳ್ಳಾಗಿರುವುದಕ್ಕೂ, ಕಂಚು ಚರ್ಮದಂತೆ ಹೊರಗೆ, ಉಕ್ಕು ಎಲುಬಿನಂತೆ ಒಳಗೆ ಇರುವುದಕ್ಕೂ ಕಾರಣ ಇದೇ.

ಚಟುವಟಿಕೆ 3: ಪದಗಳ ಕಣಜ

ಉಳಿ, ಕಲ್ಲು, ಅಚ್ಚು ಎಂಬ ಪದಗಳು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಒಂದೇ ಅರ್ಥದಲ್ಲಿವೆ. ಕನ್ನಡದ ‘ಬಾಗಿಲು’ ತಮಿಳಿನ ‘ವಾಯಿಲ್’ನ ಒಡಹುಟ್ಟು. ತಮಿಳನ್ನೂ ಕಲಿಯುತ್ತಿರುವ ನಮ್ಮ ಮಕ್ಕಳಿಗೆ ಇಂತಹ ಜೋಡಿಗಳು ಹೊರೆಯಲ್ಲ, ಆಸ್ತಿ. ಮಕ್ಕಳು ಇನ್ನಷ್ಟು ಜೋಡಿಗಳನ್ನು ಹುಡುಕಲಿ. ‘ಸ್ಕ್ಯಾನರ್’ನಂತಹ ಪದವನ್ನು ಹಾಗೆಯೇ ಬಳಸಲಿ, ಆದರೆ ಅದು ಮಾಡುವ ಕೆಲಸವನ್ನು ಅಳೆ, ಕಡೆ, ಎರೆ, ಬೆಸೆ ಎಂಬ ಕನ್ನಡ ಕ್ರಿಯಾಪದಗಳಲ್ಲಿ ಹೇಳಲಿ. ನಾಮಪದ ಎರವಲು ಬಂದರೂ ವಾಕ್ಯ ನಮ್ಮದಾಗಿ ಉಳಿಯುವುದು ಕ್ರಿಯಾಪದದಿಂದ.

ಚರ್ಚೆಗೆ

1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರನ್ನು ಕಲ್ಲಿನಲ್ಲಿಯೇ ಬರೆದರು. ಹೊಯ್ಸಳ ಶಾಸನಗಳಲ್ಲಿ ಶಿಲ್ಪಿಗೆ ‘ರೂವಾರಿ’ ಎಂಬ ಹೆಸರಿದೆ. ಇಂದು ಯಾವುದೇ ಮಹತ್ಕಾರ್ಯವನ್ನು ರೂಪಿಸಿದವರನ್ನು ಅದೇ ಪದದಿಂದ ಕರೆಯುತ್ತೇವೆ. ಮಾದರಿ ಮಾಡಿದವರು ಒಬ್ಬರು, ಗಣಕಯಂತ್ರ ನಡೆಸಿದವರು ಇನ್ನೊಬ್ಬರು, ಎರಕ ಹೊಯ್ದವರು, ಬೆಸುಗೆ ಹಾಕಿದವರು ಬೇರೆ. ಹಾಗಾದರೆ ಪ್ರತಿಮೆಯ ರೂವಾರಿ ಯಾರು? ಯಾರ ಹೆಸರುಗಳನ್ನು ಪೀಠದಲ್ಲಿ ಕೆತ್ತಬೇಕು? ಗಿರಣಿಗಳಲ್ಲಿಯೂ ಎರಕದ ಕಾರ್ಖಾನೆಗಳಲ್ಲಿಯೂ ದುಡಿಯುವ ತಂದೆತಾಯಿಯರ ಮಕ್ಕಳಿಗೆ ಇದು ದೂರದ ಪ್ರಶ್ನೆಯಲ್ಲ. ಉತ್ತರವನ್ನು ಶಿಕ್ಷಕರು ಮೊದಲೇ ಹೇಳದಿರುವುದು ಒಳಿತು.

ಮೌಲ್ಯಮಾಪನ

1. ಕಲ್ಲನ್ನು ಕಂಡರಿಸುವುದಕ್ಕೂ ಕಂಚನ್ನು ಎರಕ ಹೊಯ್ಯುವುದಕ್ಕೂ ಇರುವ ವ್ಯತ್ಯಾಸವನ್ನು 5 ವಾಕ್ಯಗಳಲ್ಲಿ ಬರೆಯಿರಿ.
2. ಮಾದರಿಯನ್ನು 5 ಪಟ್ಟು ಹಿಗ್ಗಿಸಿದರೆ ಮೇಲ್ಮೈ ಹಾಗೂ ಘನಗಾತ್ರ ಎಷ್ಟು ಪಟ್ಟಾಗುತ್ತವೆ?
3. ನಿಮ್ಮ ಶಾಲೆಯ ಬಾಗಿಲಿಗೆ ಒಂದು ಶಿಲ್ಪವನ್ನು ಯೋಚಿಸಿ, ಅದನ್ನು ನಿರ್ಮಿಸುವ ಕ್ರಮವನ್ನೂ ಪೀಠದ ಮೇಲಿನ ಬರಹವನ್ನೂ ಕನ್ನಡದಲ್ಲಿ ಸಿದ್ಧಪಡಿಸಿರಿ.