ಕಡತ ಪೂರ್ಣವಾಯಿತೇ? ಲೆಕ್ಕಕ್ಕೆ ಸೇರಿಸುವ ಮುನ್ನ

ಹರಿಹರದ ಘಟಕವೊಂದು ಪ್ರತಿ ಸಂಜೆ ದಿನದ ಬಿಲ್ಲುಗಳ ಕಡತವನ್ನು ದಾವಣಗೆರೆಯ ಮುಖ್ಯ ಕಚೇರಿಗೆ ರವಾನಿಸುತ್ತದೆ, ಅಲ್ಲಿನ ತಂತ್ರಾಂಶವು ಕಡತ ಕಂಡೊಡನೆ ಅದನ್ನು ಲೆಕ್ಕಕ್ಕೆ ಸೇರಿಸುತ್ತದೆ ಎಂದಿಟ್ಟುಕೊಳ್ಳಬಹುದು. 200 ಬಿಲ್ಲುಗಳ ಪೈಕಿ 140 ಬಂದಿರುವಾಗಲೇ ತಂತ್ರಾಂಶ ಓದಿ ಮುಗಿಸಿದರೆ ಉಳಿದ 60 ಬಿಲ್ಲುಗಳು ಆ ತಿಂಗಳ ಜಿಎಸ್‌ಟಿಆರ್-1ರಲ್ಲಿ ಕಾಣಿಸವು. ತಡವಾಗಿ ಕಟ್ಟಿದ ತೆರಿಗೆಗೆ ಜಿಎಸ್‌ಟಿ ಕಾಯ್ದೆಯ ಕಲಂ 50ರ ಪ್ರಕಾರ ವಾರ್ಷಿಕ ಶೇ. 18ರ ಬಡ್ಡಿ ತೆರಬೇಕಾಗುತ್ತದೆ. ಖರೀದಿದಾರರ ಇನ್‌ಪುಟ್ ತೆರಿಗೆ ಜಮೆಗೂ ತೊಡಕುಂಟಾಗುತ್ತದೆ.

ಜೇಸನ್ ಮಾದರಿಯ ಕಡತ ಅರ್ಧಕ್ಕೆ ನಿಂತರೆ ಕೊನೆಯ ಆವರಣ ಚಿಹ್ನೆ ಇಲ್ಲದ ಕಾರಣ ತಂತ್ರಾಂಶವೇ ಅದನ್ನು ತಿರಸ್ಕರಿಸುತ್ತದೆ. ಸಿಎಸ್‌ವಿ ಕಡತಕ್ಕೆ ಅಂತಹ ಮುಕ್ತಾಯ ಚಿಹ್ನೆಯಿಲ್ಲ. ಅರ್ಧವೂ ಪೂರ್ಣದಂತೆಯೇ ತೋರುತ್ತದೆ.

ಗಾತ್ರ ಕೆಲವು ಕ್ಷಣ ಬದಲಾಗದಿದ್ದರೆ ಕಡತ ಪೂರ್ಣವಾಯಿತೆಂದು ಎಣಿಸುವ ರೂಢಿಯುಂಟು. ವಿದ್ಯುತ್ ಅಥವಾ ಅಂತರ್ಜಾಲ ಸಂಪರ್ಕ ಕಡಿದಾಗಲೂ ಗಾತ್ರ ಸ್ಥಿರವಾಗಿಯೇ ಇರುವುದರಿಂದ ಇದನ್ನು ನೆಚ್ಚಲಾಗದು. ಕಡತವನ್ನು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಬರೆಹ ಮುಗಿದ ನಂತರವೇ ಅದೇ ಡಿಸ್ಕಿನಲ್ಲಿ ನಿಜ ಹೆಸರಿಗೆ ಬದಲಾಯಿಸುವುದು ಲೇಸು. ತಂತ್ರಾಂಶವು ನಿಜ ಹೆಸರಿನ ಕಡತವನ್ನಷ್ಟೇ ತೆರೆಯಬೇಕು.

ಇದರೊಡನೆ ಬಿಲ್ಲುಗಳ ಸಂಖ್ಯೆಯನ್ನೂ ಒಟ್ಟು ಮೊತ್ತವನ್ನೂ ಕಡತದಲ್ಲಿಯೇ ನಮೂದಿಸಿ ತಾಳೆ ನೋಡುವುದು ಅವಶ್ಯ. ಕಿರ್ದಿಯ ಪ್ರತಿ ಪುಟದಡಿ ಮೊತ್ತ ಬರೆಯುತ್ತಿದ್ದ ಗುಮಾಸ್ತರಿಗೆ ಇದು ಹೊಸತಲ್ಲ. ಟಿಡಿಎಸ್ ವಿವರಪಟ್ಟಿಯ ಕಡತದ ಆರಂಭದ ಸಾಲುಗಳಲ್ಲಿಯೂ ಚಲನ್‌ಗಳ ಸಂಖ್ಯೆ ಮತ್ತು ಒಟ್ಟು ಮೊತ್ತ ಇರುತ್ತವೆ. ತಾಳೆಯಾಗದ ಕಡತವನ್ನು ಪ್ರತ್ಯೇಕವಾಗಿರಿಸಿ ಹರಿಹರದಿಂದ ಇಡಿಯಾಗಿ ಮತ್ತೆ ತರಿಸಿಕೊಳ್ಳಬೇಕು. ಉಳಿದ ಸಾಲುಗಳನ್ನು ಕೈಯಿಂದ ಸೇರಿಸಿದಲ್ಲಿ, ಪೂರ್ಣ ಕಡತ ಬಂದಾಗ ಅವೇ ಬಿಲ್ಲುಗಳು ಎರಡು ಬಾರಿ ಲೆಕ್ಕಕ್ಕೆ ಸೇರುವ ಸಂಭವವಿದೆ.