ಹಳೆಯ ಕಂಪ್ಯೂಟರಿನ ವಿದ್ಯುತ್ ಪೆಟ್ಟಿಗೆ: ಬಳಸುವ ಮುನ್ನ ಪರೀಕ್ಷಿಸಿ



ಹಾಲಿನ ತೂಕ, ಜಿಡ್ಡಿನಂಶ, ಬಟವಾಡೆ ಲೆಕ್ಕ ಇವೆಲ್ಲ ಅನೇಕ ಸಂಘಗಳಲ್ಲಿ ಈಗ ಕಂಪ್ಯೂಟರಿನ ಮೂಲಕವೇ ನಡೆಯುತ್ತಿವೆ. ಹೊಸ ಯಂತ್ರ ಬಂದಾಗ ಹಳೆಯದು ಪಶು ಆಹಾರದ ಮೂಟೆಗಳ ಪಕ್ಕದಲ್ಲಿ ಮೂಲೆ ಸೇರುತ್ತದೆ. ವರ್ಷವೋ ಎರಡು ವರ್ಷವೋ ಕಳೆದು ಹೊಸದು ಕೈಕೊಟ್ಟ ದಿನ ಅದನ್ನೇ ಎಳೆದು ತಂದು ಜೋಡಿಸುತ್ತಾರೆ. ಇಲ್ಲವೇ ಯಾರಾದರೂ ಸದಸ್ಯರು ಮಕ್ಕಳ ಓದಿಗೆ ಆಗಲೆಂದು ಮನೆಗೆ ಒಯ್ಯುತ್ತಾರೆ. ಎರಡು ಕಡೆಯೂ ನಡೆಯುವ ಪರೀಕ್ಷೆ ಒಂದೇ: ಪ್ಲಗ್ ಹಾಕಿ ಸ್ವಿಚ್ ಒತ್ತುವುದು, ಪರದೆ ಬೆಳಗಿದರೆ ಯಂತ್ರ ಚೆನ್ನಾಗಿದೆ ಎಂದುಕೊಳ್ಳುವುದು.

ಒಂದು ಹೊತ್ತು ಹಾಲು ಕೊಟ್ಟಿತೆಂದು ಯಾರೂ ಹಸುವನ್ನು ಕೊಳ್ಳುವುದಿಲ್ಲ. ಹಲ್ಲು ನೋಡುತ್ತೇವೆ, ಕೆಚ್ಚಲು ಮುಟ್ಟಿ ನೋಡುತ್ತೇವೆ, ನಾಲ್ಕೂ ಮೊಲೆಗಳಿಂದ ಹಾಲು ಕರೆದು ನೋಡುತ್ತೇವೆ. ಹಳೆಯ ಕಂಪ್ಯೂಟರಿನಲ್ಲಿ ಅಷ್ಟೇ ಎಚ್ಚರಿಕೆಯಿಂದ ನೋಡಬೇಕಾದ ಭಾಗವೆಂದರೆ ಹಿಂಬದಿಯಲ್ಲಿ, ಕರೆಂಟಿನ ವೈರು ಸಿಕ್ಕಿಸುವ ಜಾಗದಲ್ಲಿರುವ ತಗಡಿನ ಪೆಟ್ಟಿಗೆ. ಮೆಕ್ಯಾನಿಕ್‌ಗಳು ಇದನ್ನು ಎಸ್.ಎಂ.ಪಿ.ಎಸ್. ಎನ್ನುತ್ತಾರೆ. ಗೋಡೆಯಿಂದ ಬರುವ 230 ವೋಲ್ಟ್ ವಿದ್ಯುತ್ತನ್ನು ಕಂಪ್ಯೂಟರಿಗೆ ಬೇಕಾದ 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಕೊಡುವುದು ಇದರ ಕೆಲಸ. ಕಂಪ್ಯೂಟರಿನ ಉಳಿದ ಭಾಗಗಳೆಲ್ಲ ನಡೆಯುವುದು ಕಡಿಮೆ ವೋಲ್ಟಿನಲ್ಲಿ. ಮನುಷ್ಯನ ಪ್ರಾಣ ತೆಗೆಯುವಷ್ಟು ವಿದ್ಯುತ್ ಇರುವುದು ಈ ಪೆಟ್ಟಿಗೆಯಲ್ಲಿ.

ಆದ್ದರಿಂದ ಮೊದಲ ಮಾತು: ಈ ಪೆಟ್ಟಿಗೆಯನ್ನು ಬಿಚ್ಚಬೇಡಿ. ಪ್ಲಗ್ ಕಿತ್ತಿದ್ದೇವಲ್ಲ ಎಂಬ ಧೈರ್ಯ ಇಲ್ಲಿ ನಡೆಯದು. ಒಳಗೆ ಬರುವ ವಿದ್ಯುತ್ತು ಸುಮಾರು 325 ವೋಲ್ಟ್ ಡಿ.ಸಿ. ಆಗಿ ದೊಡ್ಡ ಕೆಪಾಸಿಟರುಗಳಲ್ಲಿ ತುಂಬಿಕೊಳ್ಳುತ್ತದೆ. ಪಂಪ್‌ಸೆಟ್ಟಿನ ಕೆಪಾಸಿಟರ್ ಬಿಚ್ಚಿಟ್ಟ ಮೇಲೂ ಹೊಡೆಯುವುದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಇದೂ ಅದೇ ಜಾತಿ. ಪ್ಲಗ್ ತೆಗೆದ ಮೇಲೆ ಈ ವಿದ್ಯುತ್ ಇಳಿದು ಹೋಗುವಂತೆ ಒಳಗೆ ಏರ್ಪಾಡು ಇರುತ್ತದೆ ನಿಜ, ಆದರೆ ಹಳೆಯ ಪೆಟ್ಟಿಗೆಯಲ್ಲಿ ಆ ಏರ್ಪಾಡೇ ಕೆಟ್ಟಿರಬಹುದು. ಒಳಗಿನ ಫ್ಯೂಸ್ ಹೋಗಿದ್ದರೆ ಅದಕ್ಕೆ ತಾಮ್ರದ ಎಳೆ ಸುತ್ತುವವರೂ ಇದ್ದಾರೆ. ಈ ಪೆಟ್ಟಿಗೆಯ ಫ್ಯೂಸ್ ಸುಮ್ಮನೆ ಹೋಗುವುದು ಅಪರೂಪ. ಅದು ಹೋಗಿದೆಯೆಂದರೆ ಒಳಗೆ ಬೇರೇನೋ ಸುಟ್ಟಿದೆ ಎಂದೇ ತಿಳಿಯಬೇಕು.

ಬಿಚ್ಚದೆಯೂ ತಿಳಿಯಬಹುದಾದದ್ದು ಬಹಳಷ್ಟಿದೆ. ಪ್ಲಗ್ ಹಾಕುವ ಮೊದಲು ಯಂತ್ರವನ್ನು ಬೆಳಕಿಗೆ ತನ್ನಿ. ಗಾಳಿ ಹೊರಬರುವ ಜಾಲರಿಯ ಬಳಿ ಮೂಗಿಟ್ಟು ನೋಡಿ. ಸುಟ್ಟ ವಾಸನೆಯಾಗಲಿ, ಹಳಸಿದ ಮೀನಿನಂಥ ವಾಸನೆಯಾಗಲಿ ಇದ್ದರೆ ಕೆಪಾಸಿಟರಿನ ದ್ರವ ಸೋರಿರುವ ಅನುಮಾನ ಬರುತ್ತದೆ. ಟಾರ್ಚ್ ಬಿಟ್ಟು ಜಾಲರಿಯೊಳಗೆ ನೋಡಿ. ಕೆಪಾಸಿಟರುಗಳು ಪುಟ್ಟ ಡಬ್ಬಿಗಳಂತೆ ನಿಂತಿರುತ್ತವೆ. ಅವುಗಳ ತಲೆ ಚಪ್ಪಟೆಯಾಗಿರಬೇಕು. ತಲೆ ಉಬ್ಬಿದ್ದರೆ, ಕಂದು ಬಣ್ಣದ ಅಂಟು ಅಥವಾ ಹುಡಿ ಕಂಡರೆ ಪರೀಕ್ಷೆ ಅಲ್ಲಿಗೇ ಮುಗಿಯಿತು, ಆ ಪೆಟ್ಟಿಗೆ ಬೇಡ. ಸುಮಾರು 1999ರಿಂದ 2007ರ ನಡುವೆ ತಯಾರಾದ ಕಂಪ್ಯೂಟರುಗಳಲ್ಲಿ ಕಳಪೆ ಕೆಪಾಸಿಟರುಗಳು ಉಬ್ಬಿ ಒಡೆದದ್ದು ಜಗತ್ತಿನಾದ್ಯಂತ ಕಂಡುಬಂದ ದೋಷ. ಆ ಕಾಲದ ಯಂತ್ರವಾಗಿದ್ದರೆ ಎರಡು ಸಲ ನೋಡಿ. ಕೆಪಾಸಿಟರಿಗೆ ಸೆಖೆಯೂ ಶತ್ರು. ಶಾಖ 10 ಡಿಗ್ರಿ ಏರಿದರೆ ಅದರ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ರೂಢಿಯ ಲೆಕ್ಕ.

ನಮ್ಮ ಸಂಘಗಳಲ್ಲಿ ಇನ್ನೊಂದು ತೊಂದರೆ ಇದೆ. ಮೂಟೆಗಳಿಂದ ಏಳುವ ಹಿಂಡಿ, ಬೂಸಾದ ಧೂಳು ಫ್ಯಾನಿನ ಮೂಲಕ ಒಳಸೇರಿ ಗಟ್ಟಿಯಾಗಿ ಕೂರುತ್ತದೆ. ಮಳೆಗಾಲದಲ್ಲಿ ಅದೇ ಧೂಳು ತೇವ ಹೀರಿ ವಿದ್ಯುತ್ತಿಗೆ ದಾರಿಯಾಗುತ್ತದೆ. ಆಹಾರದ ಆಸೆಗೆ ಬರುವ ಇಲಿ ವೈರು ಕಡಿಯುತ್ತದೆ. ಜಿರಲೆ, ಹಲ್ಲಿಗಳು ಬೆಚ್ಚಗಿನ ಜಾಗವೆಂದು ಒಳಗೆ ಸೇರುತ್ತವೆ. ಪೆಟ್ಟಿಗೆಯನ್ನು ನಿಧಾನವಾಗಿ ಅಲ್ಲಾಡಿಸಿದಾಗ ಗಲಗಲ ಸದ್ದು ಬಂದರೆ, ಜಾಲರಿಯಲ್ಲಿ ಹಿಕ್ಕೆ ಕಂಡರೆ ಪ್ಲಗ್ ಹಾಕುವ ಪ್ರಶ್ನೆಯೇ ಇಲ್ಲ.

ಕೆಲವು ಹಳೆಯ ಪೆಟ್ಟಿಗೆಗಳ ಹಿಂದೆ 115 ಮತ್ತು 230 ಎಂದು ಬರೆದ ಸಣ್ಣ ಕೆಂಪು ಸ್ವಿಚ್ ಇರುತ್ತದೆ. ಅದು 230ರಲ್ಲಿಯೇ ಇರಬೇಕು. ಮಕ್ಕಳು ಆಟಕ್ಕೆ 115ಕ್ಕೆ ಸರಿಸಿದ್ದರೆ ನಮ್ಮ ಕರೆಂಟಿಗೆ ಹಾಕಿದೊಡನೆ ಢಬ್ ಎಂದು ಸಿಡಿಯುತ್ತದೆ.

ಈಗ ಮುಖ್ಯ ವಿಷಯ, ಅರ್ತಿಂಗ್. ಕಂಪ್ಯೂಟರಿನ ತಗಡು ಮುಟ್ಟಿದರೆ ಜುಮ್ಮೆನ್ನುತ್ತದೆ ಎಂಬ ದೂರು ಹಳ್ಳಿಗಳಲ್ಲಿ ಸಾಮಾನ್ಯ. "ಅದು ಯಾವಾಗಲೂ ಹಾಗೇ, ಏನೂ ಆಗಲ್ಲ" ಎಂದು ಸುಮ್ಮನಾಗುವುದೂ ಸಾಮಾನ್ಯ. ಕಾರಣ ಹೀಗಿದೆ. ಈ ಪೆಟ್ಟಿಗೆಯಲ್ಲಿ ಫೇಸಿನಿಂದ ತಗಡಿಗೆ ಒಂದು, ನ್ಯೂಟ್ರಲಿನಿಂದ ತಗಡಿಗೆ ಒಂದು, ಹೀಗೆ ಸಣ್ಣ ಕೆಪಾಸಿಟರುಗಳನ್ನು ಬೇಕೆಂದೇ ಜೋಡಿಸಿರುತ್ತಾರೆ. ಅವುಗಳಿಂದ ಸೋರುವ ಅಲ್ಪ ವಿದ್ಯುತ್ತು ಅರ್ತಿಂಗ್ ವೈರಿನ ಮೂಲಕ ನೆಲಕ್ಕೆ ಹೋಗಬೇಕು. ಅರ್ತಿಂಗ್ ಇಲ್ಲದಿದ್ದರೆ ತಗಡಿನ ಮೇಲೆ ಸುಮಾರು 115 ವೋಲ್ಟ್ ನಿಲ್ಲುತ್ತದೆ. ಪೆಟ್ಟಿಗೆ ಸರಿಯಾಗಿರುವಾಗ ಇದು ಜುಮ್ಮೆನಿಸುವಷ್ಟೇ. ಆದರೆ ಒಳಗೆ ಫೇಸ್ ವೈರು ತಗಡಿಗೆ ತಾಗಿದ್ದರೂ ಮುಟ್ಟಿದ ಕೈಗೆ ಮೊದಲ ಕ್ಷಣದಲ್ಲಿ ವ್ಯತ್ಯಾಸ ತಿಳಿಯದೇ ಇರಬಹುದು. ಹಾಲು ಹಾಕಲು ಬಂದವರ ಕೈ ಒದ್ದೆ, ಕ್ಯಾನು ತೊಳೆದ ನೀರಿನಿಂದ ನೆಲ ಒದ್ದೆ, ಕಾಲಲ್ಲಿ ಚಪ್ಪಲಿ ಇರುವುದಿಲ್ಲ. ಇಂಥಲ್ಲಿ ವಿದ್ಯುತ್ತು ದೇಹದೊಳಗೆ ಬಹಳ ಸುಲಭವಾಗಿ ಹರಿಯುತ್ತದೆ. ಜುಮ್ಮೆನ್ನುವ ಕಂಪ್ಯೂಟರನ್ನು ಅರ್ತಿಂಗ್ ಸರಿಪಡಿಸುವವರೆಗೆ ಬಳಸಲೇಬಾರದು. ಸರಿಪಡಿಸಿದ ಮೇಲೂ ಜುಮ್ಮೆಂದರೆ, ಅಥವಾ ಇ.ಎಲ್.ಸಿ.ಬಿ. ಬೀಳುತ್ತಿದ್ದರೆ, ಪೆಟ್ಟಿಗೆಯನ್ನೇ ಬದಲಿಸಿ.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪಗೆ ಉದ್ದಗಿರುವ ಪಿನ್ನು ಅರ್ತಿಂಗಿನದು. ಎರಡು ಪಿನ್ನಿನ ಸಾಕೆಟ್ಟಿಗೆ ಹೊಂದಲಿ ಎಂದು ಇದನ್ನು ಮುರಿದಿರುವ ವೈರುಗಳನ್ನು ಎಸೆದುಬಿಡಿ. ಸಾಕೆಟ್ಟಿನಲ್ಲಿ ಮೂರು ತೂತಿದ್ದ ಮಾತ್ರಕ್ಕೆ ಅರ್ತಿಂಗ್ ಇದೆ ಎಂದಲ್ಲ. ತಿಳಿದ ಎಲೆಕ್ಟ್ರಿಷಿಯನ್‌ನಿಂದ ಅಳೆಸಿ ನೋಡಿ. ಫೇಸಿಗೂ ಅರ್ತಿಗೂ ನಡುವೆ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜು, ನ್ಯೂಟ್ರಲಿಗೂ ಅರ್ತಿಗೂ ನಡುವೆ ಕೆಲವೇ ವೋಲ್ಟು ಬರಬೇಕು. ಮೀಟರ್ ಮಾತ್ರ ನಂಬಿದರೆ ಸಾಲದು. ದುರ್ಬಲ ಅರ್ತಿಂಗಿನಲ್ಲೂ ಅದು 230 ತೋರಿಸಬಹುದು. ಫೇಸಿಗೂ ಅರ್ತಿಗೂ ನಡುವೆ ಟೆಸ್ಟ್ ಬಲ್ಬು ಹಿಡಿದಾಗ ಪೂರ್ತಿ ಬೆಳಕು ಬರಬೇಕು. (ಇ.ಎಲ್.ಸಿ.ಬಿ. ಇದ್ದರೆ ಬಲ್ಬು ಹಿಡಿದೊಡನೆ ಅದು ಬೀಳುತ್ತದೆ; ಬಿದ್ದರೆ ಒಳ್ಳೆಯ ಲಕ್ಷಣವೇ.) ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗಿದಾಗ ಬಲ್ಬು ಮಂಕಾಗುವುದುಂಟು, ಆಗ ಗುಂಡಿಗೆ ನೀರು ಹಾಕಬೇಕು. ಕೆಲವರು ಗುಂಡಿ ತೋಡುವ ಖರ್ಚು ಉಳಿಸಲು ಸಾಕೆಟ್ಟಿನೊಳಗೇ ನ್ಯೂಟ್ರಲನ್ನು ಅರ್ತಿನ ತೂತಿಗೆ ಜೋಡಿಸುತ್ತಾರೆ. ಇದು ಎಲ್ಲಕ್ಕಿಂತ ಕೆಟ್ಟದ್ದು. ಎಲ್ಲೋ ನ್ಯೂಟ್ರಲ್ ವೈರು ಕಡಿದರೆ ಆ ಕ್ಷಣವೇ ಕಂಪ್ಯೂಟರಿನ ತಗಡಿಗೆ 230 ವೋಲ್ಟ್ ಬರುತ್ತದೆ.

ಇಷ್ಟರಲ್ಲಿ ಪಾಸಾದ ಪೆಟ್ಟಿಗೆಗೆ ಮುಂದಿನ ಪರೀಕ್ಷೆ. ಅದಕ್ಕೂ ಮುನ್ನ ಒಂದು ಮಾತು. ಆ ಹಳೆಯ ಕಂಪ್ಯೂಟರಿನಲ್ಲಿ ಸಂಘದ ಲೆಕ್ಕಪತ್ರ ಇದ್ದರೆ ಹಾರ್ಡ್ ಡಿಸ್ಕನ್ನು ಮೊದಲು ತೆಗೆಸಿ, ಚೆನ್ನಾಗಿರುವ ಬೇರೆ ಯಂತ್ರಕ್ಕೆ ಹಾಕಿಸಿ ನಕಲು ಮಾಡಿಸಿಕೊಳ್ಳಿ. ಅನುಮಾನದ ಪೆಟ್ಟಿಗೆ ವೋಲ್ಟೇಜು ಏರಿಸಿಬಿಟ್ಟರೆ ಡಿಸ್ಕು ಸುಟ್ಟು, ಸದಸ್ಯರ ವರ್ಷಗಳ ಹಾಲಿನ ಲೆಕ್ಕ ಅದರೊಂದಿಗೇ ಹೋಗುತ್ತದೆ. ಪೆಟ್ಟಿಗೆ ಬದಲಾಯಿಸಬಹುದು, ಲೆಕ್ಕ ಸಿಗದು.

ಕೆಲವು ಮೆಕ್ಯಾನಿಕ್‌ಗಳು ಪೆಟ್ಟಿಗೆಯ ಹಸಿರು ವೈರನ್ನು ಕಪ್ಪು ವೈರಿಗೆ ತಂತಿಯಿಂದ ಸೇರಿಸಿ, ಫ್ಯಾನ್ ತಿರುಗಿದ ಕೂಡಲೆ "ಓಕೆ" ಎನ್ನುತ್ತಾರೆ. ಪೆಟ್ಟಿಗೆ ಚಾಲೂ ಆಗುತ್ತದೆ ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ಭಾರ ಹೊತ್ತಾಗ ಹೇಗಿದೆ ಎಂದು ನೋಡಬೇಕು. ಕಂಪ್ಯೂಟರ್ ಓಡುತ್ತಿರುವಾಗ, ಡಿಸ್ಕಿಗೆ ಹೋಗುವಂಥ ನಾಲ್ಕು ವೈರಿನ ಖಾಲಿ ಕನೆಕ್ಟರಿನಲ್ಲಿ ಮಲ್ಟಿಮೀಟರ್ ಇಟ್ಟು ಅಳೆಯಲು ಹೇಳಿ. ಕಪ್ಪಿಗೂ ಹಳದಿಗೂ ನಡುವೆ 11.4ರಿಂದ 12.6 ವೋಲ್ಟ್, ಕಪ್ಪಿಗೂ ಕೆಂಪಿಗೂ ನಡುವೆ 4.75ರಿಂದ 5.25 ವೋಲ್ಟ್ ಇರಬೇಕು. ಶುರುವಿನಲ್ಲಿ ಒಮ್ಮೆ, ಅರ್ಧ ಗಂಟೆ ಕೆಲಸ ಮಾಡಿದ ಮೇಲೆ ಇನ್ನೊಮ್ಮೆ ನೋಡಬೇಕು. ಬಿಸಿಯಾದಂತೆ ಅಂಕಿ ಜಾರುತ್ತಿದ್ದರೆ ಆ ಪೆಟ್ಟಿಗೆಗೆ ಆಯಸ್ಸು ಉಳಿದಿಲ್ಲ. ಫ್ಯಾನ್ ತಿರುಗುತ್ತಿದೆಯೇ, ಹೊರಬರುವ ಗಾಳಿ ಬೆಚ್ಚಗಿದೆಯೋ ಸುಡುತ್ತಿದೆಯೋ, ಹೊಸ ವಾಸನೆ ಬರುತ್ತಿದೆಯೇ ಎಂಬುದನ್ನೂ ಗಮನಿಸಿ. ಈ ಅರ್ಧ ಗಂಟೆ ಯಾರಾದರೂ ಪಕ್ಕದಲ್ಲೇ ಇರಬೇಕು, ಗೋಡೆಯ ಸ್ವಿಚ್ ಕೈಗೆ ಸಿಗುವಂತಿರಬೇಕು. ಕಂಪ್ಯೂಟರಿನಲ್ಲಿ ತಾರೀಖು ಪದೇ ಪದೇ ಹಿಂದಕ್ಕೆ ಹೋಗುವುದು ಮಾತ್ರ ಸಾಮಾನ್ಯವಾಗಿ ಒಳಗಿನ ಬಿಲ್ಲೆಯಂಥ ಸಣ್ಣ ಬ್ಯಾಟರಿಯ ದೋಷ. ಅದಕ್ಕೆ ಪೆಟ್ಟಿಗೆಯನ್ನು ದೂರಬೇಡಿ.

ದಿನದ ಕೆಲಸ ಮುಗಿದ ಮೇಲೆ ಗೋಡೆಯ ಸ್ವಿಚ್ಚನ್ನೂ ಆರಿಸಿ. ಕಂಪ್ಯೂಟರ್ ಮುಚ್ಚಿದ್ದರೂ ಪ್ಲಗ್ಗಿನಲ್ಲಿ ಕರೆಂಟು ಇರುವವರೆಗೆ ಪೆಟ್ಟಿಗೆಯ ಒಳಭಾಗ ಎಚ್ಚರವಾಗಿಯೇ ಇರುತ್ತದೆ.

ಪೆಟ್ಟಿಗೆ ಬದಲಿಸಬೇಕೆಂದು ತೀರ್ಮಾನವಾದರೆ ಹಳೆಯದನ್ನು ಅಂಗಡಿಗೆ ಒಯ್ಯಿರಿ. 1995ರ ನಂತರ ಬಂದ ಎ.ಟಿ.ಎಕ್ಸ್. ಮಾದರಿಯವು ಬಹುತೇಕ ಒಂದೇ ಅಳತೆಯವು, ಆದರೆ ಕೆಲವು ಕಂಪನಿಗಳು ತಮ್ಮದೇ ಆಕಾರದ ಪೆಟ್ಟಿಗೆ ಹಾಕಿರುತ್ತವೆ. ಹೊಸದು ಒಂದೆರಡು ಚೀಲ ಪಶು ಆಹಾರದ ಬೆಲೆಗೆ ಸಿಗುತ್ತದೆ. ಆಡಳಿತ ಮಂಡಳಿಯವರು ಈ ಖರ್ಚಿಗೆ ಹಿಂಜರಿಯಬೇಕಿಲ್ಲ. ತೆಗೆದ ಪೆಟ್ಟಿಗೆಯನ್ನು ಮತ್ತೆ ಅಟ್ಟಕ್ಕೆ ಹಾಕಬೇಡಿ. ಪ್ಲಗ್ ಕಿತ್ತು ಒಂದು ವಾರ ಬಿಟ್ಟು, ಹೊರಗಿರುವ ಬಣ್ಣದ ವೈರುಗಳ ಕನೆಕ್ಟರುಗಳನ್ನು ಕತ್ತರಿಸಿ, ಮೇಲೆ "ಕೆಟ್ಟಿದೆ" ಎಂದು ಎದ್ದು ಕಾಣುವಂತೆ ಬರೆದು ಇ-ತ್ಯಾಜ್ಯಕ್ಕೆ ಕೊಡಿ.