ಗಾಡಿಯೊಳಗೊಂದು ಲ್ಯಾಬ್: ಬಯೋಡೀಸೆಲ್ ಮಾಡೋದಕ್ಕಿಂತ ಅಳೆಯೋದೇ ಮುಖ್ಯ

ಬಯೋಡೀಸೆಲ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಕೆಮಿಸ್ಟ್ರಿ ಪರೀಕ್ಷೆಯಲ್ಲಿ ಬರೆದ ಒಂದು ಸಮೀಕರಣ. ಎಣ್ಣೆ ಮತ್ತು ಮೆಥನಾಲ್ ಸೇರಿದರೆ ಬಯೋಡೀಸೆಲ್ ಮತ್ತು ಗ್ಲಿಸರಿನ್. ಅಷ್ಟಕ್ಕೇ ಒಂದು ವ್ಯಾನ್, ಅದರೊಳಗೆ ಲ್ಯಾಬ್, ಅದನ್ನು ಶಾಲೆಗೂ ಹಳ್ಳಿಗೂ ಓಡಿಸೋ ವಿದ್ಯಾರ್ಥಿಗಳ ತಂಡ ಯಾಕೆ ಬೇಕು? ಈ ಪ್ರಶ್ನೆಯನ್ನು ಜೂನಿಯರ್‌ಗಳು ನಮಗೆ ಆಗಾಗ ಕೇಳ್ತಾರೆ. ಈ ಪಾಠ ಅದಕ್ಕೆ ಉತ್ತರ.

ಎಣ್ಣೆಯನ್ನೇ ನೇರವಾಗಿ ಹಾಕಬಾರದೇ?

ಹಾಕಬಹುದು, ಆದರೆ ಬಹಳ ದಿನ ನಡೆಯಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ತೊಂದರೆ ಇರೋದು ಎಣ್ಣೆಯ ಸ್ನಿಗ್ಧತೆಯಲ್ಲಿ. ಅಡುಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಇಂಜೆಕ್ಟರ್ ಅದನ್ನು ಸಣ್ಣ ಹನಿಯಾಗಿ ಸಿಂಪಡಿಸಲಾರದು. ಅರ್ಧ ಉರಿದ ಎಣ್ಣೆ ಕಿಟ್ಟವಾಗಿ ಕೂರುತ್ತೆ. ಎಣ್ಣೆಯ ದೊಡ್ಡ ಅಣುವನ್ನು ಮೆಥನಾಲ್‌ನಿಂದ ಮೂರು ಸಣ್ಣ ಎಸ್ಟರ್‌ಗಳಾಗಿ ಒಡೆದರೆ ಮಂದತನ ಡೀಸೆಲ್‌ನ ಹತ್ತಿರಕ್ಕೆ ಬರುತ್ತೆ. ಆ ಎಸ್ಟರೇ ಬಯೋಡೀಸೆಲ್.

ಶಾಲೆಯಲ್ಲಿ ಇದನ್ನು ತೋರಿಸೋದು ಸುಲಭ. ಒಂದೇ ಅಳತೆಯ ಎರಡು ಪಿಪೆಟ್, ಒಂದರಲ್ಲಿ ಎಣ್ಣೆ, ಇನ್ನೊಂದರಲ್ಲಿ ಬಯೋಡೀಸೆಲ್. ಯಾವುದು ಎಷ್ಟು ಸೆಕೆಂಡಿಗೆ ಖಾಲಿ ಆಗುತ್ತೆ ಅಂತ ಮಕ್ಕಳೇ ಸ್ಟಾಪ್‌ವಾಚ್ ಹಿಡಿದು ನೋಡ್ತಾರೆ. ಸ್ನಿಗ್ಧತೆ ಅನ್ನೋ ಪದ ಆಮೇಲೆ ಹೇಳಿದರೆ ಸಾಕು.

ಲ್ಯಾಬ್ ಯಾಕೆ ಓಡಾಡಬೇಕು?

ಯಾಕಂದ್ರೆ ಎಣ್ಣೆ ಒಂದೇ ತರಹ ಇರಲ್ಲ. ಮೂರು ದಿನ ಬೋಂಡ ಕರಿದ ಎಣ್ಣೆ ಬೇರೆ, ಒಂದೇ ಸಲ ಪೂರಿ ಕರಿದದ್ದು ಬೇರೆ. ಚೆನ್ನಾಗಿ ಒಣಗಿದ ಹೊಂಗೆ ಬೀಜದ ಎಣ್ಣೆ ಬೇರೆ, ಮಳೆಯಲ್ಲಿ ನೆಂದು ಮೂಟೆಯಲ್ಲೇ ಉಳಿದ ಬೀಜದ್ದು ಬೇರೆ. ಶಾಖಕ್ಕೂ ತೇವಕ್ಕೂ ಸಿಕ್ಕ ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ ಹೆಚ್ಚಾಗುತ್ತೆ. ಅದು ಕೆಒಎಚ್ ಜೊತೆ ಸೇರಿ ಸೋಪು ಆಗುತ್ತೆ. ಸೋಪು ಹೆಚ್ಚಾದರೆ ಪದರ ಬೇರೆಯಾಗಲ್ಲ, ಇಡೀ ಪಾತ್ರೆ ಮಜ್ಜಿಗೆ ತರಹ ಕದಡಿಹೋಗುತ್ತೆ. ಹಾಗಾಗಿ ಎಲ್ಲ ಎಣ್ಣೆಗೂ ಒಂದೇ ರೆಸಿಪಿ ನಡೆಯಲ್ಲ. ಎಣ್ಣೆ ಹುಟ್ಟೋ ಜಾಗದಲ್ಲೇ, ಅದನ್ನು ಕೂಡಿಟ್ಟವರ ಎದುರಿಗೇ ಅಳೆದರೆ, ಬೀಜ ಒಣಗಿಸೋದು ಯಾಕೆ ಮುಖ್ಯ ಅನ್ನೋದು ಅವರಿಗೆ ಭಾಷಣ ಇಲ್ಲದೇ ಗೊತ್ತಾಗುತ್ತೆ.

ಅಳೆಯೋದು ಹೇಗೆ?

1 ಲೀಟರ್ ಡಿಸ್ಟಿಲ್ಡ್ ನೀರಿಗೆ 1 ಗ್ರಾಂ ಕೆಒಎಚ್ ಹಾಕಿ ದ್ರಾವಣ ಮಾಡ್ಕೊಳ್ಳಿ. 10 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ 1 ಮಿ.ಲೀ. ಎಣ್ಣೆ ಕರಗಿಸಿ, ಎರಡು ಹನಿ ಫಿನಾಲ್ಫ್ತಲೀನ್ ಹಾಕಿ. ಬ್ಯೂರೆಟ್‌ನಿಂದ ದ್ರಾವಣ ಬಿಡ್ತಾ ಹೋಗಿ. ತಿಳಿ ಗುಲಾಬಿ ಬಣ್ಣ ಬಂದು ಅರ್ಧ ನಿಮಿಷ ನಿಂತರೆ ಅಲ್ಲಿಗೆ ನಿಲ್ಲಿಸಿ. ಎಣ್ಣೆ ಹಾಕದ ಆಲ್ಕೋಹಾಲ್‌ಗೂ ಒಮ್ಮೆ ಹೀಗೇ ಮಾಡಿ, ಆ ಅಳತೆಯನ್ನು ಕಳೆಯಿರಿ.

ಈಗ ಲೆಕ್ಕದ ಚಂದ ನೋಡಿ. 1 ಮಿ.ಲೀ. ದ್ರಾವಣದಲ್ಲಿ 1 ಮಿಲಿಗ್ರಾಂ ಕೆಒಎಚ್ ಇದೆ. 1 ಮಿ.ಲೀ. ಎಣ್ಣೆಗೆ 3 ಮಿ.ಲೀ. ದ್ರಾವಣ ಬೇಕಾಯ್ತು ಅಂದ್ರೆ, 1 ಲೀಟರ್ ಎಣ್ಣೆಯ ಆಮ್ಲಕ್ಕೇ 3 ಗ್ರಾಂ ಕೆಒಎಚ್ ಖರ್ಚು. ಕ್ರಿಯೆ ನಡೆಸೋಕೆ ಬೇಕಾದ ಸುಮಾರು 7 ಗ್ರಾಂ ಅದಕ್ಕೆ ಸೇರಿಸಿ: ಒಟ್ಟು 10 ಗ್ರಾಂ. ಎರಡು ಕಡೆಗೂ ಒಂದೇ ಡಬ್ಬಿಯ ಕೆಒಎಚ್ ಬಳಸಿ. ಅಳತೆ 4 ಮಿ.ಲೀ. ದಾಟಿದರೆ ಬಿಡಿ ಆಮ್ಲ ಸುಮಾರು 2 ಪರ್ಸೆಂಟ್ ಮೀರಿದೆ ಅಂತ ಅರ್ಥ. ಹಳೆಯ ಹೊಂಗೆ ಎಣ್ಣೆಯಲ್ಲಿ ಇದು ಸಾಮಾನ್ಯ. ಅದಕ್ಕೆ ಮೊದಲು ಗಂಧಕಾಮ್ಲದ ಜೊತೆ ಮೆಥನಾಲ್ ಹಾಕಿ ಇನ್ನೊಂದು ಹಂತ ನಡೆಸಬೇಕು. ಆ ಕೆಲಸ ಗಾಡಿಯಲ್ಲಿ ಬೇಡ, ಕಾಲೇಜು ಲ್ಯಾಬಿನಲ್ಲೇ ಆಗಲಿ.

ಮಾಡೋದು, ಮತ್ತು ಕಾಯೋದು

1 ಲೀಟರ್ ಎಣ್ಣೆಗೆ 200ರಿಂದ 250 ಮಿ.ಲೀ. ಮೆಥನಾಲ್. ಅದರಲ್ಲಿ ಕೆಒಎಚ್ ಪೂರ್ತಿ ಕರಗಿಸಿ, ನೀರಿನ ಅಂಶ ತೆಗೆದ ಬಿಸಿ ಎಣ್ಣೆಗೆ ಸೇರಿಸಿ, 55–60 ಡಿಗ್ರಿಯಲ್ಲಿ ಒಂದು ಗಂಟೆ ಕಲಕಬೇಕು. ಮೆಥನಾಲ್ ಕುದಿಯೋದು 64.7 ಡಿಗ್ರಿಗೆ, ಆದ್ದರಿಂದ ಅದಕ್ಕಿಂತ ಮೇಲೆ ಹೋಗಬಾರದು. ಆಮೇಲೆ ರಾತ್ರಿಯಿಡೀ ಬಿಟ್ಟರೆ ಕೆಳಗೆ ಕಂದು ಗ್ಲಿಸರಿನ್, ಮೇಲೆ ಬಯೋಡೀಸೆಲ್. ಓಡೋ ಗಾಡಿಯಲ್ಲಿ ಪದರ ನಿಲ್ಲಲ್ಲ. ಅದಕ್ಕೇ ಟಿವಿ ಅಡುಗೆ ಕಾರ್ಯಕ್ರಮದ ಉಪಾಯ: ಹಿಂದಿನ ದಿನ ಮಾಡಿ ಬೇರ್ಪಡಿಸಿದ ಎರಡೂ ಪದರಗಳನ್ನು ಬಾಟಲಿಯಲ್ಲಿ ತಗೊಂಡು ಹೋಗಿ ತೋರಿಸೋದು.

ಮೆಥನಾಲ್ ವಿಷ, ಚರ್ಮದ ಮೂಲಕವೂ ಒಳಗೆ ಹೋಗುತ್ತೆ. ಅದರ ಬೆಂಕಿ ಹಗಲಲ್ಲಿ ಕಣ್ಣಿಗೇ ಕಾಣಲ್ಲ. ಹಾಗಾಗಿ ಗಾಡಿಯ ಹಿಂಬಾಗಿಲು ತೆರೆದೇ ಇರಬೇಕು, ಗ್ಯಾಸ್ ಒಲೆ ಒಳಗೆ ಬರಬಾರದು, ಜನರೇಟರ್ ದೂರದಲ್ಲಿರಬೇಕು. ಶಾಲಾ ಮಕ್ಕಳ ಕೈಗೆ ಮೆಥನಾಲ್ ಯಾವತ್ತೂ ಕೊಡಬಾರದು. ತೊಳೆದ ನೀರು, ಗ್ಲಿಸರಿನ್ ಎರಡೂ ಕ್ಯಾನಿನಲ್ಲಿ ವಾಪಸ್ ಬರಬೇಕು, ಚರಂಡಿಗಲ್ಲ.

"ನಮ್ಮ ಪಂಪ್‌ಸೆಟ್‌ಗೆ ಹಾಕಬಹುದಾ?"

ಹಳ್ಳಿಗೆ ಹೋದಾಗ ಬರೋ ಮೊದಲ ಪ್ರಶ್ನೆ ಇದೇ. ಬಾಟಲಿಯಲ್ಲಿ ಹೊಂಬಣ್ಣದ ತಿಳಿ ದ್ರವ ನೋಡಿದವರಿಗೆ ಆಸೆ ಆಗೋದು ಸಹಜ. ಆದರೆ ತಿಳಿಯಾಗಿ ಕಾಣೋದು ಬೇರೆ, ಇಂಧನ ಆಗಿರೋದು ಬೇರೆ. 27 ಮಿ.ಲೀ. ಮೆಥನಾಲ್‌ಗೆ 3 ಮಿ.ಲೀ. ಬಯೋಡೀಸೆಲ್ ಹಾಕಿದಾಗ ತಳದಲ್ಲಿ ಎಣ್ಣೆಯ ಹನಿ ಕೂತರೆ ಕ್ರಿಯೆ ಪೂರ್ತಿಯಾಗಿಲ್ಲ. ಈ ಪರೀಕ್ಷೆ ಗಾಡಿಯಲ್ಲೇ ಆಗುತ್ತೆ. ಅದು ಪಾಸಾದರೂ ಉಳಿದ ಮೆಥನಾಲ್, ನೀರು, ಸೋಪು, ಆಮ್ಲದ ಅಂಶ ನೋಡಬೇಕು. ಭಾರತೀಯ ಮಾನಕ ಐಎಸ್ 15607ರ ಪ್ರಕಾರ ಆಮ್ಲಾಂಕ 0.50 ಮೀರಬಾರದು. ಪೂರ್ತಿ ಬಯೋಡೀಸೆಲ್ ಹಾಕಿದರೆ ಹಳೆಯ ಎಂಜಿನ್‌ನ ರಬ್ಬರ್ ಪೈಪುಗಳೂ ಹಾಳಾಗಬಹುದು. ಆ ಎಂಜಿನ್ ಕೆಟ್ಟರೆ ನಷ್ಟ ನಮ್ಮದಲ್ಲ, ಆ ರೈತರ ಬೆಳೆಯದ್ದು. ಆದ್ದರಿಂದ "ಈಗಲೇ ಬೇಡ ಅಣ್ಣಾ, ಪರೀಕ್ಷೆ ಮುಗೀಲಿ" ಅಂತ ಹೇಳೋದು ತಂಡದ ಪ್ರತಿಯೊಬ್ಬರೂ ಕಲೀಬೇಕಾದ ಮೊದಲ ಮಾತು.

ಇದೆಲ್ಲದರ ಲೆಕ್ಕ ಎಷ್ಟು?

2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯ ಗುರಿ 2030ರ ಹೊತ್ತಿಗೆ ಡೀಸೆಲ್‌ಗೆ 5 ಪರ್ಸೆಂಟ್ ಬಯೋಡೀಸೆಲ್ ಬೆರೆಸೋದು. ಅಂದ್ರೆ ಇದು ಡೀಸೆಲ್‌ಗೆ ಪೂರ್ತಿ ಬದಲಿ ಅಲ್ಲ. ಬಳಸೋ ಮೆಥನಾಲ್ ಕೂಡ ಹೆಚ್ಚಾಗಿ ನೈಸರ್ಗಿಕ ಅನಿಲದಿಂದಲೇ ಬರೋದು. ಆದರೂ ಲಾಭ ಇದೆ. ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು 25 ಪರ್ಸೆಂಟ್ ದಾಟಿದರೆ ಅದನ್ನು ಮತ್ತೆ ಅಡುಗೆಗೆ ಬಳಸೋ ಹಾಗಿಲ್ಲ ಅನ್ನೋದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಆ ಎಣ್ಣೆಗೆ ಬೇರೆ ದಾರಿ ಇಲ್ಲದಿದ್ದರೆ ಅದು ಮತ್ತೆ ಯಾವುದೋ ಬಾಣಲೆಗೇ ಹೋಗುತ್ತೆ. ಇನ್ನು ಹೊಂಗೆ, ಹಿಪ್ಪೆ, ಬೇವು ನಮ್ಮ ಬದುಗಳಲ್ಲೇ ಇರೋ ಮರಗಳು. ಹಾಸನದ ಹತ್ತಿರ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ಇವುಗಳ ಮೇಲೆ ಕೆಲಸ ನಡೆದಿದೆ. ಅವಕಾಶ ಸಿಕ್ಕರೆ ನೋಡಿ ಬನ್ನಿ.

ಸೇರೋರಿಗೆ ಒಂದು ಮಾತು

ಗಾಡಿಯಲ್ಲಿ ಎಲ್ಲಕ್ಕಿಂತ ಬೆಲೆಬಾಳೋದು ದಾಖಲೆ ಪುಸ್ತಕ. ಎಣ್ಣೆ ಎಲ್ಲಿಯದು, ಎಷ್ಟು ದಿನ ಇಟ್ಟಿದ್ದು, ಟೈಟ್ರೇಷನ್ ಎಷ್ಟು, ಕೊನೆಗೆ ಸಿಕ್ಕಿದ್ದೆಷ್ಟು: ಪ್ರತಿ ಸಲ ಬರೆದರೆ ನಾಲ್ಕು ವರ್ಷದ ಬ್ಯಾಚುಗಳು ಬದಲಾದರೂ ಸಂಶೋಧನೆ ನಿಲ್ಲಲ್ಲ. ಕೆಮಿಕಲ್‌ನವರು ಮಾತ್ರ ಸಾಲದು. ಎಂಜಿನ್ ನೋಡೋಕೆ ಮೆಕ್ಯಾನಿಕಲ್, ಹೀಟರ್ ನಿಯಂತ್ರಣಕ್ಕೆ ಎಲೆಕ್ಟ್ರಾನಿಕ್ಸ್, ಅಂಕಿ ಅಂಶಕ್ಕೆ ಕಂಪ್ಯೂಟರ್ ಸೈನ್ಸ್, ಇದನ್ನೆಲ್ಲ ಅಚ್ಚ ಕನ್ನಡದಲ್ಲಿ ವಿವರಿಸೋಕೆ ನೀವೆಲ್ಲರೂ ಬೇಕು. ಬರುವಾಗ ಹತ್ತಿ ಬಟ್ಟೆ, ಮುಚ್ಚಿದ ಶೂ ಹಾಕ್ಕೊಂಡು ಬನ್ನಿ.